ಕರಿಬೇವಿಗೆ ಹಿತ್ತಲಲ್ಲಿ ಜಾಗ ಯಾವುದು?

ಈ ಹೊತ್ತು ಹೊಲದ ಮಾತು ಬಿಟ್ಟು ಹಿತ್ತಲಿನ ಮಾತು ಆಡೋಣ. ಹಿತ್ತಲು ಅಂದರೆ ಎಷ್ಟು ಮಹಾ? ಕೆಲವರಿಗೆ ಒಂದು ಗುಂಟೆ, ಕೆಲವರಿಗೆ ಅದರಲ್ಲಿ ಅರ್ಧ. ಅಷ್ಟರಲ್ಲೇ ಬಚ್ಚಲ ನೀರು ಹೋಗಬೇಕು, ಬಟ್ಟೆ ಒಣಗಬೇಕು, ಸೌದೆ ಒಟ್ಟಬೇಕು, ಕರು ಕಟ್ಟಬೇಕು. ಇಷ್ಟಾದ ಮೇಲೆ ಉಳಿದ ಜಾಗದಲ್ಲಿ ಒಂದು ಕರಿಬೇವಿನ ಗಿಡ ಇರಲಿ ಎಂದು ಪ್ರತಿಯೊಬ್ಬ ತಾಯಿಗೂ ಆಸೆ. ಒಗ್ಗರಣೆಗೆ ಎಣ್ಣೆ ಕಾದಿರುವಾಗ ಎರಡು ಎಸಳಿಗಾಗಿ ನೆರೆಮನೆಯ ಬಾಗಿಲಿಗೆ ಹೋಗಬಾರದು, ಸಂತೆಯ ದಿನಕ್ಕೆ ಕಾಯಬಾರದು. ಆಸೆ ಇಷ್ಟು ಸಣ್ಣದು.

ಆದರೆ ಯಾವ ಊರಿಗೆ ಹೋದರೂ ಒಂದು ಮಾತು ಕೇಳಿಬರುತ್ತದೆ. "ನಮ್ಮ ಮನೇಲಿ ಕರಿಬೇವು ಹತ್ತೋದೇ ಇಲ್ಲ. ಎಷ್ಟು ಸಾರಿ ಇಟ್ಟರೂ ಒಣಗಿ ಹೋಗುತ್ತೆ." ಪಕ್ಕದ ಮನೆಯಲ್ಲಿ ಅದೇ ಗಿಡ ಮಾಡು ಮುಟ್ಟುವ ಹಾಗೆ ಬೆಳೆದಿರುತ್ತದೆ. ಆಗ ಜನ ಕಾರಣ ಹುಡುಕುತ್ತಾರೆ. ಇಟ್ಟವರ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ಮುಟ್ಟಾದವರು ಗಿಡ ಮುಟ್ಟಿದರು ಎನ್ನುತ್ತಾರೆ. ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ. ಹೇಳದೆ ಕೇಳದೆ ತಂದ ಸಸಿಯೇ ಬದುಕುವುದು, ಕೇಳಿ ತಂದದ್ದು ಬದುಕುವುದಿಲ್ಲ ಎಂದು ಇನ್ನೊಬ್ಬರು. ಗಿಡ ಸತ್ತ ತಪ್ಪು ಕೊನೆಗೆ ಬಂದು ಕೂರುವುದು ಮನೆಯ ಒಬ್ಬ ಹೆಣ್ಣುಮಗಳ ತಲೆಯ ಮೇಲೆ.

ನಮ್ಮ ಮನೆಯಲ್ಲೇ ಹೀಗಾಯಿತು, ಅದನ್ನೇ ಹೇಳುತ್ತೇನೆ. ನಮ್ಮ ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ ತವರಿನಿಂದ ಒಂದು ಕರಿಬೇವಿನ ಸಸಿ ತಂದು ನೆಟ್ಟರು. ನಾಲ್ಕು ತಿಂಗಳು ಇತ್ತು, ಎಲೆ ಹಳದಿಯಾಯಿತು, ಉದುರಿತು, ಕಡ್ಡಿ ಒಣಗಿತು. ಮರುವರ್ಷ ಇನ್ನೊಂದು. ಅದೂ ಹೋಯಿತು. ಮೂರನೆಯದೂ ಹೋದಾಗ ನಮ್ಮ ತಾಯಿ, "ನಿನ್ನ ಕೈಗೆ ಆಗೋದಿಲ್ಲ ಬಿಡಮ್ಮ, ನೀನು ಇನ್ನು ಗಿಡ ಇಡಬೇಡ" ಎಂದುಬಿಟ್ಟರು. ಸಿಟ್ಟಿನಿಂದ ಹೇಳಿದ್ದಲ್ಲ, ಆದರೂ ಆ ಮಾತು ಅತ್ತಿಗೆಗೆ ಬಹಳ ನಾಟಿತು. ಆಮೇಲೆ ಅವರು ಒಂದು ಅವರೆ ಬೀಜ ಊರುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು.

ಒಂದು ದಿನ ನಾನು ಗುದ್ದಲಿ ತೆಗೆದುಕೊಂಡು ಆ ಮೂರೂ ಸಸಿ ಸತ್ತ ಜಾಗವನ್ನು ಅಗೆದೆ. ಮೂರನ್ನೂ ಇಟ್ಟಿದ್ದು ಒಂದೇ ಕಡೆ, ಬಚ್ಚಲ ನೀರು ಬಂದು ಬೀಳುವ ಮೂಲೆಯಲ್ಲಿ. ನೀರು ತಾನೇ ಸಿಗುತ್ತದೆ, ಬೇರೆ ಹೊತ್ತು ಹಾಕಬೇಕಾಗಿಲ್ಲ ಎಂಬುದು ಲೆಕ್ಕ. ಮೇಲೆ ಮಣ್ಣು ಸರಿಯಾಗಿಯೇ ಕಂಡಿತು. ಒಂದು ಗೇಣು ಕೆಳಗೆ ಹೋಗುವಷ್ಟರಲ್ಲಿ ಬೂದುಬಣ್ಣದ ಕೆಸರು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಸತ್ತ ಸಸಿಯ ಬೇರು ಕರ್ರಗಾಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಸುಲಿದು ಬರುತ್ತಿತ್ತು. ಅತ್ತಿಗೆಯ ಕೈಯಲ್ಲಿ ಏನೂ ದೋಷವಿರಲಿಲ್ಲ. ದೋಷ ಇದ್ದದ್ದು ಆ ಮೂಲೆಯಲ್ಲಿ.

ಇದು ನಮ್ಮೊಬ್ಬರ ಮನೆಯ ಕತೆ ಅಲ್ಲ. ಕರಿಬೇವು ಹತ್ತದ ಹತ್ತು ಮನೆ ನೋಡಿದರೆ, ಬಹುಪಾಲು ಮನೆಗಳಲ್ಲಿ ಅದನ್ನು ಬಚ್ಚಲ ಮೋರಿಯ ಪಕ್ಕದಲ್ಲೋ, ಮಾಡಿನ ನೀರು ಸುರಿಯುವ ಕಡೆಯೋ, ಗೋಡೆಯ ನೆರಳಿನಲ್ಲೋ ಇಟ್ಟಿರುತ್ತಾರೆ. ಬೇರೆ ಯಾವುದಕ್ಕೂ ಬಾರದ ಮೂಲೆಯನ್ನು ಅದಕ್ಕೆ ಕೊಡುತ್ತೇವೆ. ಸೊಪ್ಪಿನ ಗಿಡ ತಾನೇ ಎಂಬ ತಾತ್ಸಾರ. ಕೊತ್ತಂಬರಿಯಾದರೆ ತಿಂಗಳೊಪ್ಪತ್ತಿನಲ್ಲಿ ಮುಗಿಯಿತು. ತಪ್ಪಿದರೆ ಮುಂದಿನ ಸಾರಿ ಬೇರೆ ಕಡೆ ಬಿತ್ತಬಹುದು. ಕರಿಬೇವು ಹಾಗಲ್ಲ. ಒಂದು ಸಾರಿ ಬೇರು ಬಿಟ್ಟರೆ ಹದಿನೈದು ಇಪ್ಪತ್ತು ವರ್ಷ ಅಲ್ಲೇ ನಿಂತು ಸೊಪ್ಪು ಕೊಡುವ ಗಿಡ. ಬೀಜದಿಂದ ಎದ್ದ ಗಿಡ ತಾಯಿಬೇರನ್ನು ನೇರವಾಗಿ ಕೆಳಗೆ ಇಳಿಸುತ್ತದೆ. ದೊಡ್ಡದಾದ ಮೇಲೆ ಕಿತ್ತು ಬೇರೆಡೆ ಇಟ್ಟರೆ ಬದುಕುವುದು ಕಷ್ಟ. ಆದ್ದರಿಂದ ಹೆಣ್ಣು ಕೊಡುವಾಗ ಮನೆ ನೋಡುವಂತೆ ಮೊದಲೇ ಜಾಗ ನೋಡಬೇಕು.

ಈ ಗಿಡ ಮೂಲತಃ ನಮ್ಮ ನಾಡಿನದೇ. ಭಾರತ, ಸಿಂಹಳ ಎರಡೂ ಕಡೆ ಕಾಡುಗಳಲ್ಲಿ ತಾನಾಗಿ ಬೆಳೆಯುತ್ತದೆ. ಪಾಶ್ಚಾತ್ಯ ಸಸ್ಯಶಾಸ್ತ್ರದವರು ಇದರ ಹೆಸರಿಗೆ ಕೋನಿಗ್ ಎಂಬಾತನ ಹೆಸರನ್ನು ಸೇರಿಸಿದ್ದಾರೆ. ಆತ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿದ್ದು ಗಿಡಮೂಲಿಕೆಗಳನ್ನು ಅಭ್ಯಾಸ ಮಾಡಿ ೧೭೮೫ರಲ್ಲಿ ತೀರಿಕೊಂಡ ವೈದ್ಯ. ಅದಿರಲಿ. ನಮಗೆ ಬೇಕಾದ್ದು ಇಷ್ಟು: ಕಾಡಿನಲ್ಲಿ ಇದು ಎಲ್ಲಿ ನಿಂತಿರುತ್ತದೆ? ನೀರು ನಿಲ್ಲದ ಇಳಿಜಾರಿನಲ್ಲಿ, ಎಲೆ ಕೊಳೆತು ಹಗುರಾದ ಮಣ್ಣಿನಲ್ಲಿ, ಮರಗಳ ನಡುವೆ ಬಿಸಿಲು ಇಳಿಯುವ ಸಂದಿಯಲ್ಲಿ. ಮಳೆ ಎಷ್ಟೇ ಬರಲಿ, ನೀರು ಹರಿದುಹೋಗುತ್ತದೆ. ಹಿತ್ತಲಿನಲ್ಲಿ ನಾವು ಹುಡುಕಬೇಕಾದ್ದೂ ಅಂಥದೇ ಜಾಗವನ್ನು.

ಮೊದಲು ನೀರಿನ ಪರೀಕ್ಷೆ. ಇದಕ್ಕೆ ಖರ್ಚಿಲ್ಲ, ಒಂದು ರಾತ್ರಿಯ ಕೆಲಸ. ನಿಮ್ಮ ಮನಸ್ಸಿಗೆ ಬಂದ ಜಾಗದಲ್ಲಿ ಒಂದು ಮೊಳ ಅಗಲ, ಒಂದು ಮೊಳ ಆಳದ ಗುಂಡಿ ತೆಗೆಯಿರಿ. ಸಂಜೆ ಹೊತ್ತು ಅದರ ತುಂಬ ನೀರು ಹಾಕಿ. ಇಂಗಲಿ. ಒಣಮಣ್ಣು ಮೊದಲ ಸಲ ಎಷ್ಟಿದ್ದರೂ ಕುಡಿಯುತ್ತದೆ, ಅದನ್ನು ನಂಬಬೇಡಿ. ಮಲಗುವ ಮುಂಚೆ ಮತ್ತೊಮ್ಮೆ ತುಂಬಿಸಿ. ಬೆಳಿಗ್ಗೆ ಎದ್ದು ಸಗಣಿ ಬಾಚುವ ಹೊತ್ತಿಗೆ ಹೋಗಿ ನೋಡಿ. ಗುಂಡಿ ಖಾಲಿಯಾಗಿದ್ದರೆ ಜಾಗ ಒಳ್ಳೆಯದು. ತಳದಲ್ಲಿ ನಾಲ್ಕು ಬೆರಳು ನೀರಿದ್ದರೆ ಆ ಜಾಗದಲ್ಲಿ ದಿಬ್ಬ ಕಟ್ಟಿಯೇ ನೆಡಬೇಕು. ಅರ್ಧಕ್ಕಿಂತ ಹೆಚ್ಚು ನಿಂತಿದ್ದರೆ ಬೇರೆ ಕಡೆ ನೋಡಿ.

ಬೇರಿಗೆ ನೀರು ಬೇಕು, ಗಾಳಿಯೂ ಬೇಕು. ಮಣ್ಣಿನ ಕಣಕಣದ ನಡುವೆ ಸಂದಿ ಇರುತ್ತದೆ. ಆ ಸಂದಿಯಲ್ಲಿ ಗಾಳಿ ಇರುತ್ತದೆ. ಸದಾ ನೀರು ನಿಂತರೆ ಗಾಳಿ ಹೊರಗೆ ಹೋಗಿ ಬೇರು ಉಸಿರು ಕಟ್ಟಿದ ಹಾಗಾಗುತ್ತದೆ. ಆಮೇಲೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಎಲೆ ಬಾಡುತ್ತದೆ. ಇಲ್ಲಿಯೇ ನಾವು ಮೋಸ ಹೋಗುವುದು. ಬಾಡಿದ ಎಲೆ ಕಂಡೊಡನೆ, "ಅಯ್ಯೋ, ನೀರು ಸಾಲದು" ಎಂದು ಇನ್ನೊಂದು ಬಿಂದಿಗೆ ಸುರಿಯುತ್ತೇವೆ. ನೀರಿನಲ್ಲೇ ಸಾಯುತ್ತಿರುವ ಗಿಡಕ್ಕೆ ಮತ್ತೆ ನೀರು. ಎಲೆ ಬಾಡಿದಾಗ ಮೊದಲು ಬುಡದಲ್ಲಿ ಬೆರಳು ಊರಿ ನೋಡಿ. ಮಣ್ಣು ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ ಕೊಡ ಕೆಳಗಿಡಿ.

ಬಚ್ಚಲ ನೀರಿನಲ್ಲಿ ಇನ್ನೊಂದು ತೊಂದರೆ ಉಂಟು. ಹಿಂದೆ ಸೀಗೆಪುಡಿ, ಕಡಲೆಹಿಟ್ಟಿನಲ್ಲಿ ಸ್ನಾನ ಆಗುತ್ತಿದ್ದಾಗ ಆ ನೀರು ಅಷ್ಟು ಕೆಡುಕಲ್ಲ. ಈಗ ಸಾಬೂನು, ಬಟ್ಟೆ ಒಗೆಯುವ ಪುಡಿ, ಸೋಡ ಎಲ್ಲವೂ ಅದರಲ್ಲಿ ಹರಿದುಬರುತ್ತದೆ. ಇವು ಕ್ಷಾರ. ದಿನವೂ ಒಂದೇ ಕಡೆ ಬಿದ್ದರೆ ಮಣ್ಣು ಚೌಳಾಗುತ್ತಾ ಬರುತ್ತದೆ. ಸಂದಿಗಳು ಮುಚ್ಚಿ ಮೇಲ್ಮೈ ಹೆಪ್ಪುಗಟ್ಟುತ್ತದೆ. ಕರಿಬೇವು ನಿಂಬೆ, ಕಿತ್ತಳೆಯ ಕುಲಕ್ಕೆ ಸೇರಿದ ಗಿಡ. ಆ ಕುಲಕ್ಕೆಲ್ಲ ಚೌಳು ಆಗಿಬರುವುದಿಲ್ಲ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದು ಸಿಗುವುದಿಲ್ಲ. ಆಗ ಚಿಗುರೆಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತದೆ. ಹಳೆಯ ಮನೆ ಕೆಡವಿ ಸುಣ್ಣದ ಗಾರೆ, ಸಿಮೆಂಟಿನ ಪುಡಿ ಹೂತ ಜಾಗದಲ್ಲಿ ಇಟ್ಟರೂ ಇದೇ ಪಾಡು. ಗುಂಡಿ ತೆಗೆಯುವಾಗ ಬಿಳಿಯ ಚೂರುಗಳು ಸಿಕ್ಕರೆ ಆ ಜಾಗ ಬಿಟ್ಟುಬಿಡಿ. ಒಲೆಯ ಬೂದಿ ಸುರಿಯುವ ಕಡೆಯೂ ಬೇಡ.

ಹುಳಿಮಜ್ಜಿಗೆ ಹಾಕಿದರೆ ಕರಿಬೇವು ಚೆನ್ನಾಗಿ ಚಿಗುರುತ್ತದೆ ಎಂದು ನಿಮ್ಮಲ್ಲಿ ಅನೇಕರು ಹಾಕುತ್ತೀರಿ. ಹಾಕಿ, ಬೇಡವೆನ್ನುವುದಿಲ್ಲ. ಮಜ್ಜಿಗೆ ಹುಳಿ, ಚೌಳು ಮಣ್ಣಿಗೆ ಸ್ವಲ್ಪ ಹಿತವೇ. ಒಂದು ಲೋಟಕ್ಕೆ ನಾಲ್ಕೈದು ಲೋಟ ನೀರು ಬೆರಸಿ, ತಿಂಗಳಿಗೊಮ್ಮೆ ಹಾಕಿದರೆ ಕೆಡುಕಿಲ್ಲ. ಆದರೆ ಬಚ್ಚಲ ಮೂಲೆಯಲ್ಲಿ ಇಟ್ಟ ಗಿಡಕ್ಕೆ ಎಷ್ಟು ಮಜ್ಜಿಗೆ ಹಾಕಿದರೂ ಪ್ರಯೋಜನ ಕಾಣೆ. ಆ ಮಜ್ಜಿಗೆಯನ್ನು ಮನೆಯವರು ಕುಡಿಯುವುದೇ ಲೇಸು.

ಹಾಗಾದರೆ ಬಚ್ಚಲ ಮೂಲೆ ಹಾಳು ಬೀಳಬೇಕೇ ಅಂದರೆ, ಬೇಡ. ಬಾಳೆ ಇಡಿ, ಕೆಸು ಇಡಿ. ಬೇಸಗೆಯಲ್ಲೂ ಅವಕ್ಕೆ ನೀರು ಬೇಕು, ಅಲ್ಲಿ ಅವು ಬದುಕಿಕೊಳ್ಳುತ್ತವೆ. ಸಾಬೂನು ನೀರು ಅತಿಯಾಗದಂತೆ ಬಟ್ಟೆ ಒಗೆದ ನೀರನ್ನಷ್ಟು ಬೇರೆ ಕಡೆ ಹರಿಯಬಿಡಿ.

ಈಗ ಬಿಸಿಲಿನ ವಿಚಾರ. ನೀರಿನ ಪರೀಕ್ಷೆಯಲ್ಲಿ ಗೆದ್ದ ಜಾಗ ಬಿಸಿಲಿನಲ್ಲಿ ಸೋಲಬಾರದು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನೆರಳಿನಲ್ಲೂ ಕರಿಬೇವು ಸಾಯುವುದಿಲ್ಲ, ಅದೇ ಮೋಸ. ಸಾಯದೆ, ಬೆಳೆಯದೆ, ಉದ್ದಕ್ಕೆ ಒಂದು ಕಡ್ಡಿಯಾಗಿ ಎದ್ದು ತುದಿಯಲ್ಲಿ ನಾಲ್ಕು ಎಸಳು ಹಿಡಿದು ನಿಲ್ಲುತ್ತದೆ. ಕೈಗೆ ಎಟುಕುವ ಕಡೆ ಸೊಪ್ಪಿಲ್ಲ. ಎಲೆ ತೆಳ್ಳಗೆ, ಘಮ ಕಡಿಮೆ.

ಬಿಸಿಲು ನೋಡುವುದಕ್ಕೆ ಒಂದು ಕೋಲು ಸಾಕು. ಜಾಗದಲ್ಲಿ ಕೋಲು ನೆಟ್ಟು ಮೂರು ಹೊತ್ತು ನೋಡಿ: ಬೆಳಗಿನ ತಿಂಡಿಯ ಹೊತ್ತು, ಊಟದ ಹೊತ್ತು, ದನ ಮನೆಗೆ ಬರುವ ಹೊತ್ತು. ಇದರಲ್ಲಿ ಎರಡು ಹೊತ್ತಾದರೂ ಕೋಲಿನ ಮೇಲೆ ಬಿಸಿಲು ಬಿದ್ದಿರಬೇಕು. ಆದರೆ ಒಂದು ಎಚ್ಚರಿಕೆ. ನಾವು ಸಸಿ ನೆಡಲು ಹೊರಡುವುದು ಮುಂಗಾರಿನ ಹೊತ್ತಿಗೆ. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮನೆಯ ಉತ್ತರಕ್ಕೂ ಬಿಸಿಲು ಸಿಗುತ್ತದೆ. ಅದನ್ನು ನೋಡಿ, ಇಲ್ಲಿ ಬಿಸಿಲಿಗೆ ಕೊರತೆಯಿಲ್ಲ ಎಂದುಕೊಳ್ಳುತ್ತೇವೆ. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ಹತ್ತಡಿ ಎತ್ತರದ ಗೋಡೆಯ ನೆರಳು ನಡುಮಧ್ಯಾಹ್ನದಲ್ಲೂ ಸುಮಾರು ಎಂಟಡಿ ದೂರ ಉತ್ತರಕ್ಕೆ ಚಾಚಿರುತ್ತದೆ. ಕರಿಬೇವಿಗೆ ಚಳಿ ಅಂದರೆ ಆಗದು. ೧೬ ಡಿಗ್ರಿಗಿಂತ ಕೆಳಗೆ ಹೋದರೆ ಮೊಗ್ಗು ಮುದುಡಿ ಚಿಗುರುವುದನ್ನೇ ನಿಲ್ಲಿಸುತ್ತದೆ. ಬಿಸಿಲು ಬೇಕೇ ಬೇಕಾದ ಆ ಎರಡು ತಿಂಗಳು ಅದು ಗೋಡೆಯ ನೆರಳಿನಲ್ಲಿ ನಡುಗುತ್ತಾ ನಿಂತಿರುತ್ತದೆ. ಆದ್ದರಿಂದ ಗೋಡೆಯ ಉತ್ತರಕ್ಕೆ ಇಡಲೇಬೇಕಾದರೆ ಹತ್ತಡಿಯಾದರೂ ಬಿಟ್ಟು ಇಡಿ. ಮನೆಯ ಪೂರ್ವ ಅಥವಾ ದಕ್ಷಿಣ ಸಿಕ್ಕಿದರೆ ಅದೇ ಮೇಲು.

ಪೂರ್ವದ ಕಡೆಗೆ ಇನ್ನೂ ಒಂದು ಅನುಕೂಲ. ಬಯಲುಸೀಮೆಯವರಿಗೆ ಆಷಾಢದ ಗಾಳಿ ಹೇಗೆ ಎಂದು ಹೇಳಬೇಕಾಗಿಲ್ಲ. ಪಡುವಣದಿಂದ ಬೀಸಿ ಎಳೆಯ ಸಸಿಯನ್ನು ಬುಡದಲ್ಲೇ ಅಲ್ಲಾಡಿಸಿ ಬೇರು ಸಡಿಲ ಮಾಡುತ್ತದೆ. ಮನೆಯ ಪೂರ್ವಕ್ಕೆ ಇಟ್ಟರೆ ಮನೆಯೇ ಗಾಳಿಗೆ ತಡೆ. ಬೆಳಗಿನ ಬಿಸಿಲೂ ಬೀಳುತ್ತದೆ, ರಾತ್ರಿಯ ಇಬ್ಬನಿ ಬೇಗ ಆರುತ್ತದೆ. ಇಬ್ಬನಿ ಬಹಳ ಹೊತ್ತು ಎಲೆಯ ಮೇಲೆ ಕೂತರೆ ಎಲೆಚುಕ್ಕೆ ರೋಗಕ್ಕೆ ದಾರಿ.

ಗೋಡೆಗೆ ಅಂಟಿಸಿ ಮಾತ್ರ ನೆಡಬೇಡಿ. ನಾಲ್ಕೈದು ಅಡಿ ಬಿಡಿ. ಮಾಡಿನ ತುದಿಯಿಂದಾಗಲಿ, ತಾರಸಿಯ ಕೊಳವೆಯಿಂದಾಗಲಿ ಮಳೆನೀರು ದಬದಬನೆ ಬುಡಕ್ಕೆ ಬೀಳಬಾರದು. ಗಿಡದ ಸುತ್ತ ತಿರುಗಾಡಿ ನಾಲ್ಕೂ ಕಡೆಯಿಂದ ಸೊಪ್ಪು ಕೀಳುವ ಹಾಗಿರಬೇಕು. ಒಂದೇ ಕಡೆಯಿಂದ ಕಿತ್ತರೆ ಗಿಡ ಆ ಕಡೆ ಬರಿದಾಗಿ ಗೋಡೆಯ ಕಡೆಗೆ ವಾಲುತ್ತದೆ. ತೆಂಗು, ಬಿದಿರು, ಹುಣಿಸೆ ಇವುಗಳ ಬಳಿಯೂ ಬೇಡ. ಅವುಗಳ ಬೇರು ನೀವು ಹಾಕಿದ ಗೊಬ್ಬರವನ್ನೆಲ್ಲ ತಾವೇ ಉಂಡು ಮುಗಿಸುತ್ತವೆ.

ಅಡಿಗೆಮನೆಗೆ ಹತ್ತಿರ ಇರಬೇಕು ಎಂಬುದು ಹೆಂಗಸರ ಹಟ. ಅದರಲ್ಲಿ ಅರ್ಥವಿದೆ, ಗಂಡಸರು ಅದನ್ನು ತಳ್ಳಿಹಾಕಬಾರದು. ಹೊಲದ ಬದುವಿನಲ್ಲಿ ಎಷ್ಟು ಸೊಗಸಾದ ಗಿಡ ಇದ್ದರೇನು, ಸಾಸಿವೆ ಸಿಡಿಯುತ್ತಿರುವಾಗ ಅಲ್ಲಿಗೆ ಓಡಲಾದೀತೇ? ದಿನವೂ ಕಣ್ಣಿಗೆ ಬೀಳುವ ಗಿಡಕ್ಕೆ ಹುಳ ಬಿದ್ದದ್ದೂ ಗೊತ್ತಾಗುತ್ತದೆ, ನೀರಾರಿದ್ದೂ ಗೊತ್ತಾಗುತ್ತದೆ. ಆದ್ದರಿಂದ ಎರಡು ಜಾಗ ಒಂದೇ ಸಮ ಕಂಡರೆ ಅಡಿಗೆಮನೆಯ ಬಾಗಿಲಿಗೆ ಹತ್ತಿರದ್ದನ್ನು ಆರಿಸಿ.

ಇನ್ನು ನೆರೆಹೊರೆ. ಮನುಷ್ಯರದಲ್ಲ, ಗಿಡಗಳದು. ನಿಂಬೆ, ಕಿತ್ತಳೆ, ಹೇರಳೆ ಕರಿಬೇವಿಗೆ ದಾಯಾದಿಗಳು ಎಂದೆನಲ್ಲ. ಅವುಗಳ ಹುಳವೂ ಒಂದೇ. ಕಪ್ಪು ಹಳದಿ ರೆಕ್ಕೆಯ ನಿಂಬೆ ಚಿಟ್ಟೆ ಎರಡರ ಮೇಲೂ ಮೊಟ್ಟೆಯಿಡುತ್ತದೆ. ಮರಿ ಹುಳು ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಎಲೆಯ ಹಸಿರಿನಲ್ಲೇ ಹಸಿರಾಗಿ ಅಡಗುತ್ತದೆ. ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಚಾಚಿ ಗಬ್ಬುವಾಸನೆ ಬಿಡುತ್ತದೆ. ಮಕ್ಕಳಿಗೆ ಅದೊಂದು ಆಟ. ಎರಡೇ ದಿನದಲ್ಲಿ ಎಳೆಯ ಸಸಿಯನ್ನು ಬೋಳು ಮಾಡೀತು. ಔಷಧ ಬೇಡ, ಬೆಳಿಗ್ಗೆ ಕೈಯಿಂದ ಆರಿಸಿ ತೆಗೆದರೆ ಆಯಿತು. ಇನ್ನೊಂದು, ಸಾಸಿವೆಕಾಳಿನಷ್ಟು ಸಣ್ಣ ಕೀಟ; ಚಿಗುರಿನಲ್ಲಿ ಕೂತು ರಸ ಹೀರಿ ತುದಿಯನ್ನು ಮುರುಟಿಸುತ್ತದೆ. ಇದೇ ಕೀಟ ಕಿತ್ತಳೆಗೆ ಹಸಿರುರೋಗ ಎಂಬ ಕೆಟ್ಟ ಬೇನೆಯನ್ನು ಮರದಿಂದ ಮರಕ್ಕೆ ಹೊತ್ತು ತರುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು. ಅದಕ್ಕೇ ಹಿತ್ತಲಲ್ಲಿ ಕಿತ್ತಳೆಯೋ ನಿಂಬೆಯೋ ಇದ್ದರೆ ಕರಿಬೇವನ್ನು ಮತ್ತೊಂದು ಕೊನೆಯಲ್ಲಿ ಇಡಿ. ಸಣ್ಣ ಹಿತ್ತಲಿನಲ್ಲಿ ಬಹಳ ದೂರ ಸಿಗಲಾರದು, ನಿಜ. ಪಕ್ಕಪಕ್ಕದಲ್ಲೇ ಇಡದಿದ್ದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಈಗ ಹೇಳುತ್ತೇನೆ, ಗಂಡಸರು ಗಮನವಿಟ್ಟು ಕೇಳಿ. ಹೊಲದಿಂದ ಬಂದು ಔಷಧ ಹೊಡೆಯುವ ಪಂಪನ್ನು ಎಲ್ಲಿ ತೊಳೆಯುತ್ತೀರಿ? ಬಹಳ ಮನೆಗಳಲ್ಲಿ ಹಿತ್ತಲ ನಲ್ಲಿಯ ಹತ್ತಿರವೇ. ಹತ್ತಿಗೆ, ತೊಗರಿಗೆ, ಮೆಣಸಿನಕಾಯಿಗೆ ಹೊಡೆದ ವಿಷ ಆ ನೀರಿನಲ್ಲಿ ಹರಿದು ಯಾವ ಗಿಡದ ಬುಡಕ್ಕೆ ಹೋಗುತ್ತದೆ, ಯೋಚಿಸಿದ್ದೀರಾ? ಕೆಲವು ವಿಷಗಳನ್ನು ಬೇರು ಹೀರಿ ಎಲೆಗೆ ಏರಿಸುತ್ತದೆ. ತೊಳೆದರೆ ಅದು ಹೋಗುವುದಿಲ್ಲ. ಆ ಎಲೆ ಮರುದಿನ ನಿಮ್ಮ ಮಗುವಿನ ತಟ್ಟೆಯಲ್ಲಿರುತ್ತದೆ. ಪಂಪು ತೊಳೆಯುವ ಕಡೆ, ಔಷಧದ ಡಬ್ಬಿ ಇಡುವ ಕಡೆ, ಹೊಲದಲ್ಲಿ ಸಿಂಪಡಿಸುವಾಗ ಗಾಳಿಗೆ ಹನಿ ತೂರಿಬರುವ ಕಡೆ ಕರಿಬೇವು ಇಡಬೇಡಿ. ಗಿಡ ಈಗಾಗಲೇ ಅಲ್ಲಿದ್ದರೆ ಪಂಪು ತೊಳೆಯುವುದನ್ನು ಮನೆ, ಬಾವಿ, ಕೆರೆಗಳಿಂದ ದೂರಕ್ಕೆ, ಹೊಲದ ಕಡೆಗೇ ಒಯ್ಯಿರಿ. ಪೇಟೆಯ ಕರಿಬೇವಿಗೆ ವಿಷ ಹೊಡೆದಿರುತ್ತಾರೆ ಎಂಬ ದೂರು ಇದ್ದದ್ದೇ. ಮನೆಯಲ್ಲಿ ಗಿಡ ಇಡುವುದೇ ಅದನ್ನು ತಪ್ಪಿಸಿಕೊಳ್ಳಲು ತಾನೇ? ಮನೆಯ ಗಿಡಕ್ಕೂ ನಾವೇ ವಿಷ ಉಣಿಸಿದರೆ ಹೇಗೆ?

ಕಕ್ಕಸಿನ ಇಂಗುಗುಂಡಿಯ ಮೇಲೂ, ಅದಕ್ಕೆ ತಾಗಿದಂತೆಯೂ ಇಡಬಾರದು. ಅದನ್ನು ವಿವರಿಸಬೇಕಾಗಿಲ್ಲ.

ಒಂದೊಂದು ಸೀಮೆಗೆ ಒಂದೊಂದು ಮಾತು. ಮೈಸೂರು, ತುಮಕೂರು, ಕೋಲಾರದ ಕಡೆಯ ಮರಳುಗೂಡಿದ ಕೆಮ್ಮಣ್ಣು ಕರಿಬೇವಿಗೆ ಹೇಳಿ ಮಾಡಿಸಿದ್ದು. ಅಲ್ಲಿ ಬಿಸಿಲು ಮತ್ತು ಬಚ್ಚಲು ಎರಡನ್ನು ನೋಡಿಕೊಂಡರೆ ಸಾಕು. ಗೆದ್ದಲು ಇದ್ದರೆ ಗುಂಡಿಗೆ ಎರಡು ಹಿಡಿ ಬೇವಿನ ಹಿಂಡಿ ಹಾಕಿ. ಬಿಜಾಪುರ, ರಾಯಚೂರು, ಗದಗಿನ ಕಡೆಯ ಎರೆಮಣ್ಣಿನಲ್ಲಿ ಮಳೆ ಬಿದ್ದರೆ ನೀರು ಕೆಳಗಿಳಿಯುವುದಿಲ್ಲ, ಬೇಸಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅಲ್ಲಿಯವರು ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ, ಹೊರಗಿನಿಂದ ಎರಡು ಮೂರು ಬುಟ್ಟಿ ಮರಳು, ಅಷ್ಟೇ ಕೊಟ್ಟಿಗೆ ಗೊಬ್ಬರ ಬೆರಸಿ ಅದರ ಮೇಲೆ ನೆಡಬೇಕು. ಮಲೆನಾಡಿನವರ ಕಷ್ಟ ಬೇರೆ. ಮಳೆ ಹೆಚ್ಚು, ಅಡಿಕೆ ಮರದ ನೆರಳು ಹೆಚ್ಚು. ತೋಟದೊಳಗೆ ಇಡದೆ ಅಂಗಳದ ಬದಿಯಲ್ಲಿ, ಧರೆಯ ಮೇಲ್ಗಡೆ, ಬಿಸಿಲು ಬೀಳುವ ಇಳಿಜಾರಿನಲ್ಲಿ ಇಡಿ. ಧರೆಯ ಕೆಳಗೆ ಬೇಡ, ಮಳೆಗಾಲದಲ್ಲಿ ಅಲ್ಲಿ ಒಸರು ಏಳುತ್ತದೆ. ಕರಾವಳಿಯಲ್ಲಿ ಮುರಕಲ್ಲು ಒಂದಡಿಗೇ ಸಿಕ್ಕಿದರೆ ಕಲ್ಲು ಒಡೆದು ಗುಂಡಿ ಮಾಡಬೇಡಿ. ಅದು ನೀರು ತುಂಬಿದ ಬೋಗುಣಿಯಾಗುತ್ತದೆ. ಕಲ್ಲಿನ ಮೇಲೆ ಮಣ್ಣು ಏರಿಸುವುದೇ ಸರಿ.

ಚಳಿ ಜಾಸ್ತಿ ಇರುವ ಊರಿನವರು ತಳಿ ಕೇಳಿ ತನ್ನಿ. ಧಾರವಾಡದ ಕೃಷಿ ಸಂಶೋಧನೆಯಿಂದ ಬಂದ ಎರಡು ತಳಿಗಳಿವೆ. ಡಿ.ಡಬ್ಲ್ಯು.ಡಿ. ೧ ಎಂಬುದು ಚಳಿಗಾಲದಲ್ಲಿ ಮಂಕಾಗುತ್ತದೆ. ಡಿ.ಡಬ್ಲ್ಯು.ಡಿ. ೨ ಚಳಿಯಲ್ಲೂ ಚಿಗುರುತ್ತದೆ.

ಜಾಗ ಗೊತ್ತಾಯಿತೇ? ಇನ್ನು ಕೆಲಸ ಹೆಚ್ಚಿಲ್ಲ. ಮುಂಗಾರಿಗೆ ಹದಿನೈದು ದಿನ ಮುಂಚೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣನ್ನು ಬೇರೆ ರಾಶಿ ಮಾಡಿಟ್ಟು, ಅದಕ್ಕೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ ಬೆರಸಿ ತುಂಬಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ. ಸಸಿ ಮಡಿಯಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಗಾಳಿಗೆ ಒಂದು ಊರುಗೋಲು, ಆಡು ಕೋಳಿಗಳಿಗೆ ತಡೆಯಾಗಿ ಸುತ್ತ ಮುಳ್ಳು. ಬುಡದಲ್ಲಿ ಒಣ ಎಲೆ ಹರಡಿ, ಕಾಂಡಕ್ಕೆ ತಾಗಿಸಬೇಡಿ. ಮೊದಲ ವರ್ಷ ಸೊಪ್ಪಿಗೆ ಕೈಹಾಕಬಾರದು. ಹಬ್ಬ ಬಂತು, ನೆಂಟರು ಬಂದರು ಎಂದು ಎಳೆಯ ಸಸಿಯನ್ನು ಬೋಳಿಸಿ ಕೊಂದವರು ಬೇಕಾದಷ್ಟಿದ್ದಾರೆ. ಮೂರಡಿ ಎತ್ತರ ಬಂದ ಮೇಲೆ ತುದಿ ಚಿವುಟಿದರೆ ಐದಾರು ಕವಲೊಡೆದು ಪೊದೆಯಾಗುತ್ತದೆ. ಹೂ ಬಿಟ್ಟರೆ, ಬೀಜ ಬೇಡವಾದವರು ಗೊಂಚಲು ಮುರಿದು ಹಾಕಿ. ಗಿಡದ ಶಕ್ತಿ ಎಲೆಗೆ ಹೋಗುತ್ತದೆ.

ಈಗಾಗಲೇ ತಪ್ಪು ಜಾಗದಲ್ಲಿ ಇಟ್ಟಿದ್ದರೆ ಏನು ಮಾಡಬೇಕು ಎಂದು ಕೇಳುವಿರಿ. ಗಿಡ ಒಂದೆರಡು ವರ್ಷದ್ದಾದರೆ ಮಳೆ ಹಿಡಿದ ಮೇಲೆ, ಮೋಡ ಕವಿದ ದಿನ ನೋಡಿ, ಬುಡದ ಸುತ್ತ ಒಂದು ಗೇಣು ಬಿಟ್ಟು ಆಳಕ್ಕೆ ಅಗೆದು, ಹೆಂಟೆ ಸಮೇತ ಎತ್ತಿ ಗೋಣಿತಟ್ಟಿನಲ್ಲಿ ಸುತ್ತಿ ಹೊಸ ಗುಂಡಿಗೆ ಇಡಿ. ಅರ್ಧ ಎಲೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಬೇರಿಗೆ ಭಾರ. ಅದಕ್ಕಿಂತ ದೊಡ್ಡ ಗಿಡವನ್ನು ಕದಲಿಸಬೇಡಿ. ಗಿಡ ಸರಿಸುವ ಬದಲು ನೀರನ್ನು ಸರಿಸಿ. ಬಚ್ಚಲ ನೀರಿಗೆ ಒಂದು ಸಣ್ಣ ಕಾಲುವೆ ತೋಡಿ ಬಾಳೆಯ ಕಡೆಗೆ ತಿರುಗಿಸಿದರೆ ಒಂದು ಹೊತ್ತಿನ ಕೆಲಸ. ಮೇಲೆ ಕವಿದ ಕೊಂಬೆ ಇದ್ದರೆ ಕಡಿಯಿರಿ. ಬೇರು ಪೂರಾ ಕೊಳೆತಿರದಿದ್ದರೆ ಗಿಡ ಎರಡು ಮೂರು ತಿಂಗಳಲ್ಲಿ ಹೊಸ ಚಿಗುರು ತೋರಿಸುತ್ತದೆ. ಅಷ್ಟರೊಳಗೆ ಅವಸರಪಟ್ಟು ಕಿತ್ತು ಹಾಕಬೇಡಿ.

ನಮ್ಮ ಅತ್ತಿಗೆ ನಾಲ್ಕನೆಯ ಸಸಿಯನ್ನು ಮನೆಯ ಪೂರ್ವಕ್ಕೆ, ಒರಳುಕಲ್ಲಿನಿಂದ ಆಚೆ, ನಾಲ್ಕು ಬುಟ್ಟಿ ಮಣ್ಣು ಏರಿಸಿದ ದಿಬ್ಬದ ಮೇಲೆ ಇಟ್ಟರು. ಇಡುವುದಕ್ಕೆ ಮೊದಲು ಒಪ್ಪಲಿಲ್ಲ. "ನೀವೇ ಇಡಿ, ನನ್ನ ಕೈ ಬೇಡ" ಎಂದರು. ಅವರ ಕೈಯಿಂದಲೇ ಇಡಿಸಿದೆವು. ಈಗ ಅದಕ್ಕೆ ಹನ್ನೊಂದು ವರ್ಷ. ಅದರ ಬೇರಿನಿಂದ ಎದ್ದ ಮರಿಗಳು ಊರಿನ ಏಳೆಂಟು ಹಿತ್ತಲಿಗೆ ಹೋಗಿವೆ. ಹಂಚಿದವರು ನಮ್ಮ ತಾಯಿಯೇ.

ನಿಮಗೂ ಸಸಿ ಬೇಕಾದರೆ ಬೇರಿನ ಮರಿಯನ್ನು ಮಳೆಗಾಲದಲ್ಲಿ ಬೇರು ಸಮೇತ ಬಿಡಿಸಿ ತರಬಹುದು. ಬೀಜದ ಗಿಡ ಇನ್ನೂ ಗಟ್ಟಿ. ಮಳೆಗಾಲದಲ್ಲಿ ಹಣ್ಣು ಕಪ್ಪಾದಾಗ ಕಿತ್ತು, ತಿರುಳು ಹಿಸುಕಿ ತೊಳೆದು, ಒಂದೆರಡು ದಿನದೊಳಗೆ ಊರಬೇಕು. ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಅಂದರೆ ಒಂದೂ ಹುಟ್ಟುವುದಿಲ್ಲ. ಬೀಜ ಒಣಗಿದರೆ ಜೀವ ಹೋಯಿತು. ತಾಜಾ ಬೀಜ ಮೂರು ವಾರದಲ್ಲಿ ಮೊಳೆಯುತ್ತದೆ. ಒಳ್ಳೆಯ ಗಿಡ ಇರುವ ಮನೆಯವರಿಗೆ, ನಾಲ್ಕು ಗೊಂಚಲು ಬಿಟ್ಟಿರಿ ಎಂದು ಈಗಲೇ ಹೇಳಿಡಿ. ಹಣ್ಣಾಗುವ ಹೊತ್ತಿಗೆ ದಿನವೂ ಹೋಗಿ ನೋಡುತ್ತಿರಿ, ಇಲ್ಲದಿದ್ದರೆ ಪಿಕಳಾರ ಹಕ್ಕಿಗಳು ನಿಮಗಿಂತ ಮುಂಚೆ ಬಂದು ಹೋಗಿರುತ್ತವೆ.